ಕೈ ನಿಲ್ಲಿಸಿದ ಮಾತು

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಎದುರು ಫ್ಲಾಟಿನವಳು ಮಲೇಷ್ಯಾದಲ್ಲಿ ವಕೀಲೆಯಾಗಿದ್ದವಳು. ಹುಟ್ಟಿನಿಂದ ತಮಿಳರವಳು, ಗಂಡ ಮೈಸೂರಿನವರು, ಬ್ಯಾಂಕಿನ ಕೆಲಸದ ಮೇಲೆ ಇಲ್ಲಿಗೆ ಬಂದವರು. ಅವಳ ಕನ್ನಡವೆಲ್ಲ ಅತ್ತೆಯಿಂದ ಕಲಿತದ್ದು. ಹಾಗಾಗಿ ನನಗಿಂತ ಚಿಕ್ಕವಳಾದರೂ ಮಾತು ಮಾತ್ರ ನಮ್ಮ ತಾಯಂದಿರ ಕಾಲದ್ದು. ಇಲ್ಲಿ ಅವಳು ವಕೀಲಿ ಮಾಡುವಂತಿರಲಿಲ್ಲ. ಕೋರ್ಟಿಗೆ ಕೊರಳಲ್ಲಿ ಕಟ್ಟುವ ಬಿಳಿ ಪಟ್ಟಿಗಳನ್ನು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದಳು. ಆಗಾಗ ಒಗೆದು, ಗಂಜಿ ಹಾಕಿ, ಬಾಲ್ಕನಿಯಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಡಬ್ಬಕ್ಕೇ ಹಾಕುತ್ತಿದ್ದಳು.

ಮಲೇಷ್ಯಾದ ಅವಳ ಊರಿನ ವಿರೋಧ ಪಕ್ಷದವರು ಪಾರ್ಲಿಮೆಂಟ್ ಚುನಾವಣೆಗೆ ನಿಲ್ಲಲು ಕರೆದರು. ಆ ಕ್ಷೇತ್ರದಲ್ಲಿ ಅವರು ಒಮ್ಮೆಯೂ ಗೆದ್ದಿರಲಿಲ್ಲ. ಗಂಡ ಬೇಡವೆನ್ನಲಿಲ್ಲ. ಒಂದು ಸಲ ನಿಲ್ಲು, ಸೋತರೆ ಆ ಮಾತು ಬಿಟ್ಟು ಇಲ್ಲೇ ಇರು, ಮಗಳಿಗೂ ತಾಯಿ ಬೇಕಲ್ಲ ಎಂದರಂತೆ.

ಹೊರಡುವ ಮುನ್ನ ಒಂದು ಬೆಳಿಗ್ಗೆ ನಮ್ಮ ಅಡಿಗೆಮನೆಗೆ ಬಂದಳು. ನಾನು ನ್ಗಾರಾ ಮಾರುಕಟ್ಟೆಯಿಂದ ತಂದ ಹಸಿ ತೊಗರಿಕಾಯಿ ಬಿಡಿಸುತ್ತಿದ್ದೆ.

"ಅಕ್ಕ, ಭಾಷಣ ಮಾಡಿ ತೋರಿಸ್ತೀನಿ. ನೀವೇ ಓಟರ್ ಅಂದ್ಕೊಳ್ಳಿ."

ಕೈ ಹಿಂದೆ ಕಟ್ಟಿಕೊಂಡು, ಎದುರಿಗೆ ನ್ಯಾಯಾಧೀಶರೇ ಇದ್ದಾರೆ ಎಂಬಂತೆ ಫ್ರಿಜ್ಜಿನ ಕಡೆ ನೋಡುತ್ತ ಇಂಗ್ಲಿಷಿನಲ್ಲಿ ಮಾತಾಡಿದಳು. ಭೂಮಿಯ ಕಾನೂನು, ಅದಕ್ಕೆ ಬೇಕಾದ ತಿದ್ದುಪಡಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದಂತೆ ನಾನು ನೆಟ್ಟಗೆ ಕೂತು ತಲೆಯಾಡಿಸಿದೆ. ಅವಳು ನಡುವೆಯೇ ನಿಲ್ಲಿಸಿದಳು.

"ತಲೆ ಚೆನ್ನಾಗೇ ಆಡಿಸ್ತೀರಿ. ಕೈ ಒಂದ್ಸಲಾನೂ ನಿಲ್ಲಲಿಲ್ಲ."

ನನಗೆ ನಗು ಬಂತು. ಅವಳೂ ನಕ್ಕು ಸ್ಟೂಲ್ ಎಳೆದುಕೊಂಡು ಕೂತಳು. ಅಷ್ಟಕ್ಕೂ ಇದೆಲ್ಲ ಯಾಕೆ ಬೇಕು ಎಂದು ಕೇಳಿದೆ. ಹಳೆಯ ರಬ್ಬರ್ ತೋಟವೊಂದು ಮಾರಾಟವಾದಾಗ ಕೂಲಿಯವರ ಸಾಲುಮನೆಗಳನ್ನು ಕೆಡವಿದ್ದರಂತೆ. ಅವರ ಪರವಾಗಿ ಇವಳೇ ವಾದಿಸಿ ಗೆದ್ದಳು. ತೀರ್ಪು ಬರುವ ಹೊತ್ತಿಗೆ ಮನೆಗಳೇ ಇರಲಿಲ್ಲ. ಒಬ್ಬ ಅಜ್ಜಿಯ ಮನೆಯ ಹೊಸಿಲೊಂದು ಉಳಿದಿತ್ತು.

"ದಿನಾ ಬೆಳಿಗ್ಗೆ ಬಸ್ಸಲ್ಲಿ ಬಂದು ಅದರ ಮುಂದೆ ರಂಗೋಲಿ ಹಾಕಿ ಹೋಗೋಳು, ಅಕ್ಕ. ಹಿಂದೆ ಬರೀ ಬಯಲು."

ಬಿಡಿಸಿದ ಸಿಪ್ಪೆ ನನ್ನ ಬೆರಳುಗಳ ನಡುವೆಯೇ ಉಳಿಯಿತು. ಅವಳು ಅದನ್ನು ನೋಡಿದಳು. ಇದನ್ನೇ ಹೇಳಮ್ಮ ಎಂದೆ. ಪಕ್ಷದವರಿಗೆ ಹಿಡಿಸುವುದಿಲ್ಲ, ಅತ್ತು ಓಟು ಕೇಳಿದಂತಾಗುತ್ತದೆ ಎಂದಳು.

ಹೋದಳು, ಸೋತಳು. ಹಿಂದಿರುಗಿ ಬಂದ ಮೇಲೆ ಯಾರೂ ಆ ಮಾತು ತೆಗೆಯಲಿಲ್ಲ. ಮಗಳನ್ನು ಶಾಲೆಗೆ ಬಿಡುವುದು, ಗಿಗಿರಿಯ ಕಡೆಯ ಟ್ರಾಫಿಕ್ಕನ್ನು ಬೈಯುವುದು, ಎಲ್ಲ ಮೊದಲಿನಂತೆಯೇ. ಬಿಳಿ ಪಟ್ಟಿಗಳು ಮಾತ್ರ ಬಾಲ್ಕನಿಗೆ ಬರಲಿಲ್ಲ.

ಅಲ್ಲಿ ಗೆದ್ದಿದ್ದವರು ತೀರಿಕೊಂಡು ಉಪಚುನಾವಣೆ ಬಂದಾಗ ಪಕ್ಷದವರು ಮತ್ತೆ ಕರೆದರು. ಆಗಲೇ ಅವಳು ಗಂಡನಿಗೆ ಮೊದಲ ಸಲ ಅಜ್ಜಿಯ ವಿಷಯ ಹೇಳಿದ್ದಂತೆ. ಅವರು ಮಗಳ ಪರೀಕ್ಷೆ ಯಾವಾಗ ಎಂದು ಕೇಳಿ, ತಾವೇ ವಿಮಾನದ ಟಿಕೆಟ್ ಮಾಡಿಸಿದರು. ಈ ಸಲ ಗೆದ್ದಳು, ಕೆಲವೇ ಓಟುಗಳಿಂದ. ಸರ್ಕಾರ ಬದಲಾಗಲಿಲ್ಲ, ಅವಳಿಗೆ ಸಿಕ್ಕಿದ್ದು ವಿರೋಧ ಪಕ್ಷದ ಹಿಂದಿನ ಸಾಲು.

ಕೆಲವು ತಿಂಗಳ ಮೇಲೆ ಅವಳ ಗಂಡ ನಮ್ಮಲ್ಲಿಗೆ ಬಂದು ಫೋನಿನಲ್ಲಿ ಅವಳ ಪಾರ್ಲಿಮೆಂಟಿನ ಭಾಷಣ ತೋರಿಸಿದರು. ಮಲಯ್ ಭಾಷೆ, ನನಗೆ ತಿಳಿಯಲಿಲ್ಲ. ಕಾಗದ ಹಿಡಿದು ಓದುತ್ತಿದ್ದಳು. ಆಡಳಿತದ ಕಡೆಯವರು ತಂತಮ್ಮ ಫೋನು ನೋಡುತ್ತಿದ್ದರು, ಒಬ್ಬರು ಆಕಳಿಸಿದರು. ಆಮೇಲೆ ಅವಳು ಕಾಗದ ಕೆಳಗಿಟ್ಟು, ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ರಂಗೋಲಿಯ ಎಳೆ ಎಳೆದಳು.

ಎದುರು ಸಾಲಿನಲ್ಲಿ ಕನ್ನಡಕದವರೊಬ್ಬರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಅವಳತ್ತ ನೋಡಿದರು. ಇನ್ನೊಂದು ಸಲ ಅಲ್ಲಿಂದಲೇ ಹಾಕಿ ಎಂದು ಅವಳ ಗಂಡನಿಗೆ ಹೇಳಿದೆ.