ಪೀಣ್ಯದ ಶೆಡ್ಡಿಗೆ ಬಂದ ಸೋಲಾರ್ ಕಂಪನಿಯ ಪ್ರಶ್ನೆ

ನೋಡ್ರಪ್ಪಾ, ಇವತ್ತು ನಮ್ಮ ಪೀಣ್ಯದ ಶೆಡ್ಡಿಗೆ ಸೋಲಾರ್ ಕಂಪನಿಯ ಹುಡುಗಿಯೊಬ್ಬಳು ಬಂದಿದ್ದಳು. ಅವರ ಫಲಕ ಕೂರಿಸುವ ಕಬ್ಬಿಣದ ಚೌಕಟ್ಟು ಮಾಡಿಕೊಡುವವರು ನಾವೇ. ಚೌಕಟ್ಟನ್ನು ಮುಟ್ಟಿಯೂ ನೋಡದೆ, ಮಷೀನಿನ ಹಳೇ ಆಯಿಲ್ ಎಲ್ಲಿ ಚೆಲ್ಲುತ್ತೀರಿ, ಹೆಂಗಸರಿಗೆ ಬೇರೆ ಟಾಯ್ಲೆಟ್ ಇದೆಯಾ ಎಂದು ಕೇಳತೊಡಗಿದಳು. ನನಗೆ ಪಿತ್ತ ನೆತ್ತಿಗೇರಿತು.

"ಬಿಸಿಲಲ್ಲಿ ಕರೆಂಟ್ ಮಾಡೋರಿಗೆ ನನ್ನ ಟಾಯ್ಲೆಟ್ ಯಾಕಮ್ಮಾ?"

"ವರದೀಲಿ ಹಾಕ್ಬೇಕು ಸಾರ್. ಕರೆಂಟ್ ಕ್ಲೀನ್ ಅಂದ್ರೆ ಸಾಲಲ್ಲ, ಅದಕ್ಕೆ ದುಡಿಯೋರು ಹೆಂಗಿದ್ದಾರೆ ಅಂತ ದುಡ್ಡು ಹಾಕೋರು ಕೇಳ್ತಾರೆ. ಹೇಳದಿದ್ರೆ ನಂಬಲ್ಲ."

ನಾನು ಮೂಲೆಯ ಡ್ರಿಲ್ಲಿಂಗ್ ಮಷೀನಿನ ಕಡೆ ನೋಡಿದೆ. ನನ್ನ ಹೆಂಡತಿ ಗೌರಿ ಅದರ ಮುಂದೆ ಹದಿನೆಂಟು ವರ್ಷ ನಿಂತವಳು. ಆಗ ಶೆಡ್ಡಿನಲ್ಲಿ ಹೆಂಗಸರು ಹೋಗಲು ಜಾಗವೇ ಇರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಅವಳು ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

"ಇದೆ, ಹೋಗಿ ನೋಡ್ಕೋ" ಅಂದೆ.

ನೋಡಿ ಬಂದಳು. "ಚೆನ್ನಾಗಿದೆ ಸಾರ್. ಯಾವಾಗ ಕಟ್ಟಿಸಿದ್ರಿ?"

"ನಮ್ಮ ಗೌರಿ ತೀರ್ಕೊಂಡ್ಮೇಲೆ."

"ಇಸವಿ ಹೇಳಿ ಸಾರ್, ಸಾಕು."

ಹೇಳಿದೆ, ಬರೆದುಕೊಂಡಳು. ನಮ್ಮ ಶೆಡ್ಡು ಪಾಸಂತೆ. ಈ ಹುಡುಗಿ ಒಂದಿಷ್ಟು ವರ್ಷ ಮೊದಲೇ ಬಂದು ನನ್ನನ್ನು ಫೇಲ್ ಮಾಡಬಾರದಿತ್ತೇ!