ಕೊನೆಯ ಬೆಂಚಿನ ಕಿವಿ

ನಮ್ಮಕ್ಕ ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು. ದಪ್ಪ ಪರದೆಯ ಉದ್ದನೆಯ ಕೋಣೆ, ಸಾಲಾಗಿ ಎತ್ತರದ ಸ್ಟೂಲುಗಳು, ಎದುರಿಗೆ ನೂರಾರು ತೂತುಗಳ ಬೋರ್ಡು. ಒಂದು ಊರಿನ ದನಿಯನ್ನು ಇನ್ನೊಂದು ಊರಿನ ದನಿಗೆ ವೈರಿನಿಂದ ಜೋಡಿಸುವುದು ಅವಳ ಕೆಲಸ. ಜೋಡಿಸಿದ ಮೇಲೆ ಕೇಳಬಾರದು ಅಂತ ನಿಯಮ. ಆದರೆ ಮೊದಲ 'ಹಲೋ' ಮಾತ್ರ ಕಿವಿಗೆ ಬಿದ್ದೇ ಬೀಳುತ್ತಿತ್ತು. "ಅದೊಂದ್ರಲ್ಲೇ ಗೊತ್ತಾಗುತ್ತೆ ಕಣೇ, ಮದುವೆ ಸುದ್ದಿನೋ ಸಾವಿನ ಸುದ್ದಿನೋ," ಅನ್ನುತ್ತಿದ್ದಳು.

ಯಂತ್ರಗಳು ಬಂದು ಬೋರ್ಡು ಕಳಚಿದ ದಿನ ಹೆಡ್‌ಫೋನ್ ತೆಗೆದಿಟ್ಟು ಮನೆಗೆ ಬಂದಳು. ಮದುವೆಯಾಗದ ನಾವಿಬ್ಬರೇ ಇದ್ದದ್ದು, ಎರಡು ಕೋಣೆಯ ಮನೆ. ನಾನು ಬಟ್ಟೆ ಹೊಲಿಯುತ್ತಿದ್ದೆ. ಅವಳು ಕಣ್ಣು ಮುಚ್ಚಿ ಮಿಷನ್ನಿನ ಸದ್ದು ಕೇಳುತ್ತಾ ಕೂರುತ್ತಿದ್ದಳು. ಹೊಲಿಗೆ ತಪ್ಪುವ ಮೊದಲೇ, "ದಾರ ಸಡಿಲ ಆಯ್ತು, ನೋಡು," ಅನ್ನುತ್ತಿದ್ದಳು.

ಆ ವರ್ಷ ನಮ್ಮ ಚರ್ಚಿಗೆ ಹೊಸ ಪಾಸ್ಟರು ಬಂದರು. ತೆಳ್ಳಗೆ, ಕಣ್ಣಿನ ಕೆಳಗೆ ಕಪ್ಪು. ಬಂದವರೇ ಕೃಪಾವರಗಳ ಬಗ್ಗೆ ಆರು ಭಾನುವಾರ ಪ್ರಸಂಗ ಮಾಡಿದರು. ದೇವರಾತ್ಮನು ವರ ಕೊಡದ ಮನುಷ್ಯರೇ ಇಲ್ಲ, ನಿಮ್ಮದು ಯಾವುದೆಂದು ಹುಡುಕಿಕೊಳ್ಳಿ, ಸಭೆಗೆ ಅದನ್ನು ಬಳಸಿ, ಎಂದರು.

ಅಕ್ಕ ಇದನ್ನು ತಲೆಗೆ ಹಚ್ಚಿಕೊಂಡಳು. ಮೊದಲು ಹಾಡುವ ತಂಡ ಸೇರಿದಳು. ಅಷ್ಟು ವರ್ಷ ಪಿಸುಗುಟ್ಟಿಯೇ ಬದುಕಿದ ಗಂಟಲು ಮೇಲೇಳಲೇ ಇಲ್ಲ. "ನೀವು ಸುಮ್ನೆ ತುಟಿ ಆಡಿಸಿ ಅಕ್ಕ, ಸಾಕು," ಎಂದರು ಹಾಡು ಕಲಿಸುವವರು. ಆಮೇಲೆ ಸಂಡೇ ಸ್ಕೂಲು. ಮಕ್ಕಳಿಗೆ ಕತೆ ಹೇಳುತ್ತಾ ಹೇಳುತ್ತಾ ತಾನೇ ಮೊದಲು ನಿದ್ದೆ ಹೋದಳು. ರೋಗಿಗಳಿಗಾಗಿ ಪ್ರಾರ್ಥಿಸುವ ಗುಂಪಿನಲ್ಲಿ ಒಬ್ಬರ ಹಣೆ ಮೇಲೆ ಕೈಯಿಟ್ಟು, "ಕರುಣಾಳುವಾದ ತಂದೆಯೇ..." ಎಂದು ಶುರು ಮಾಡಿ, "ಅಯ್ಯೋ, ಇವರಿಗೆ ಮೈ ಕೆಂಡ ಆಗಿದೆ, ಮೊದ್ಲು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರಪ್ಪ!" ಎಂದು ಮುಗಿಸಿದಳು.

"ಎಲ್ಲರಿಗೂ ಬಡಿಸ್ತಾ ಬಡಿಸ್ತಾ ನನ್ನ ಸರದಿ ಬರೋ ಹೊತ್ತಿಗೆ ಪಾತ್ರೆ ತಳ ಕಂಡಿರಬೇಕು," ಎಂದು ನಕ್ಕಳು. ಆ ನಗುವಿನ ಅಡಿಯಲ್ಲಿ ನೋವಿತ್ತು. ಅಂದಿನಿಂದ ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು.

ಅಲ್ಲಿ ಬಣ್ಣದ ಗಾಜಿನಿಂದ ಬಿದ್ದ ನೀಲಿ ಬೆಳಕು ನೆಲದ ಮೇಲೆ ನೀರಿನ ಹಾಗೆ ನಿಂತಿರುತ್ತಿತ್ತು. ಒಂದು ಭಾನುವಾರ ಸಭೆಯೆಲ್ಲ ಎದ್ದು ಹಾಡುವಾಗ ಅಕ್ಕ ಕಣ್ಣು ಮುಚ್ಚಿ ನಿಂತಳು. ಮೊದಲು ಒಂದೇ ದೊಡ್ಡ ಅಲೆಯಂತಿದ್ದ ಹಾಡು ನಿಧಾನವಾಗಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತಂತೆ. ತನ್ನ ಮೈ ನೆಲದಿಂದ ಒಂದು ಗೇಣು ಎದ್ದಂತಾಯಿತು, ಕತ್ತಲಲ್ಲಿ ನೂರು ದನಿಗಳು ದೀಪದ ಹಾಗೆ ಒಂದೊಂದೇ ಹತ್ತಿಕೊಂಡವು, ಯಾವುದು ಯಾರದ್ದೆಂದು ಹೆಸರು ಹಿಡಿದು ಕರೆಯಬಹುದಿತ್ತು ಎಂದಳು. ಅವುಗಳಲ್ಲಿ ಒಂದು ದನಿ ಮಾತ್ರ ಉಳಿದವರ ಹಿಂದೆ ಅರ್ಧ ಹೆಜ್ಜೆ ತಡವಾಗಿ ಬರುತ್ತಿತ್ತು.

"ಬಡಗಿಯವರದ್ದು," ಎಂದಳು ದಾರಿಯಲ್ಲಿ. "ಅವರು ಕೇಳಿಸ್ಕೊಂಡು ಹಾಡ್ತಿಲ್ಲ ಕಣೇ. ಪಕ್ಕದವರ ತುಟಿ ನೋಡ್ಕೊಂಡು ಹಾಡ್ತಿದಾರೆ."

"ನಿನಗೆ ಬೇರೆ ಕೆಲಸ ಇಲ್ಲ," ಎಂದೆ. ಆದರೂ ಮರುದಿನ ಜೊತೆಗೆ ಹೋದೆ.

ಬಡಗಿಯ ಹೆಂಡತಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ತಂಗಿ ಮನೆಗೆ ಹೊರಟಿದ್ದಳು, ವಾಪಸ್ಸು ಬರುವ ಯೋಚನೆ ಇರಲಿಲ್ಲ. "ಇನ್ನೇನ್ ಮಾಡ್ಲಿ ಅಕ್ಕ? ನಾನು ಹೇಳೋದೆಲ್ಲ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕರೆದ್ರೆ ತಿರುಗಿ ಕೂಡ ನೋಡಲ್ಲ."

"ಗಾದೆ ಸುಳ್ಳಾಗಲ್ಲಮ್ಮ," ಎಂದಳು ಅಕ್ಕ. "ಬಾ."

ಹಿತ್ತಲ ಶೆಡ್ಡಿನಲ್ಲಿ ಬಡಗಿ ಬೆನ್ನು ಹಾಕಿ ಹಲಗೆ ನಯ ಮಾಡುತ್ತಿದ್ದರು. ಹೊಂಬಣ್ಣದ ಹೊಟ್ಟು ಬಿಸಿಲಲ್ಲಿ ತೇಲುತ್ತಿತ್ತು. ಅಕ್ಕ ಕೆಲಸದ ಮೇಜು ತಟ್ಟಿದಳು. ಅವರು ಬೆಚ್ಚಿ ತಿರುಗಿದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಿಮ್ಮ ಅಡಿಗೆಮನೆಗೆ ಬೆಂಕಿ ಬಿದ್ದಿದೆಯಂತೆ?" ಎಂದು ಕೇಳಿದಳು.

"ಹೌದಮ್ಮ, ಎಲ್ಲಾ ದೇವರ ದಯೆ," ಎಂದು ಬಡಗಿ ನಕ್ಕರು.

ಹೆಂಡತಿ ಹೊಟ್ಟಿನ ರಾಶಿಯ ಮೇಲೆಯೇ ಕುಸಿದು ಕೂತಳು. ಅವಳ ಮುಖ ನೋಡಿ ಬಡಗಿಗೆ ಗುಟ್ಟು ರಟ್ಟಾದದ್ದು ತಿಳಿಯಿತು. "ಯಂತ್ರದ ಗರಗಸ ಇರೋ ಕಡೆ ಕಿವುಡನ್ನ ಯಾರು ಕೆಲಸಕ್ಕೆ ಕರೀತಾರೆ? ಅದಕ್ಕೇ ಹೇಳ್ಲಿಲ್ಲ. ಒಂದೂವರೆ ವರ್ಷ ಆಯ್ತು," ಎಂದರು.

"ಹಾಗಾದ್ರೆ ಒಂದೂವರೆ ವರ್ಷ ನಾನು ಜಗಳ ಆಡಿದ್ದು ಗೋಡೆ ಜೊತೆಗಾ?" ಎಂದು ಅವಳು ಅತ್ತಳು, ಆಮೇಲೆ ಅದೇ ಕಣ್ಣೀರಲ್ಲಿ ನಕ್ಕಳು. ಪೆಟ್ಟಿಗೆ ಮತ್ತೆ ಅಟ್ಟ ಸೇರಿತು. ಮುಂದಿನ ತಿಂಗಳು ಬಡಗಿಯ ಕಿವಿಯ ಹಿಂದೆ ಗೋಡಂಬಿಯಷ್ಟು ಯಂತ್ರ ಬಂತು.

ಅಕ್ಕ ಎಲ್ಲ ಸಲವೂ ಸರಿ ಇರುತ್ತಿರಲಿಲ್ಲ. ಶಾಲೆಯ ಟೀಚರ್ ಹಾಡಿನಲ್ಲಿ ದೊಡ್ಡ ದುಃಖ ಕೇಳಿಸಿತೆಂದು ಓಡಿಹೋದರೆ, ಅವರಿಗೆ ಹಲ್ಲುನೋವು ಅಷ್ಟೇ.

ಆದರೆ ಪಾಸ್ಟರ ವಿಷಯದಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕೊನೆಯ ಆಶೀರ್ವಾದ ಹೇಳುವಾಗ ಅವರ ದನಿ, ಲೈನು ಕಡಿದುಹೋಗಿದ್ದರೂ ಫೋನಿನಲ್ಲಿ ಮಾತಾಡುತ್ತಲೇ ಇರುವವರ ದನಿಯಂತಿದೆ ಎಂದಳು. ಒಂದು ಮಂಗಳವಾರ ಮಧ್ಯಾಹ್ನ ಚರ್ಚಿನ ಪಕ್ಕದ ಅವರ ಪುಟ್ಟ ಕೋಣೆಗೆ ಹೋದೆವು. ಗೂಟದಲ್ಲಿ ಬಿಳಿ ನಿಲುವಂಗಿ ತೂಗುತ್ತಿತ್ತು.

"ಪಾಸ್ಟರೇ, ಲೈನ್ ಯಾವಾಗ ಕಟ್ಟಾಯ್ತು?" ಎಂದು ಅಕ್ಕ ಮೆತ್ತಗೆ ಕೇಳಿದಳು.

ಅವರು ಎದುರಿಗಿದ್ದ ಪುಸ್ತಕ ಮುಚ್ಚಿಟ್ಟರು. "ಅಮ್ಮ ತೀರಿಹೋದಾಗಿಂದ. ಏಳು ತಿಂಗಳು. ನಿಮಗೆಲ್ಲ ಪ್ರಾರ್ಥನೆ ಹೇಳಿಕೊಡ್ತೀನಿ, ನನಗೇ ಆಗ್ತಿಲ್ಲ. ಆ ಕಡೆ ಯಾರೂ ಇಲ್ಲ ಅನ್ಸುತ್ತೆ."

"ಲೈನ್ ಸಿಗದಾಗ ನಾವು ಆಪರೇಟರ್‌ಗಳು ಏನ್ ಹೇಳ್ತಿದ್ವಿ ಗೊತ್ತಾ? 'ಕಾಯ್ತಿರಿ, ಪ್ರಯತ್ನ ಮಾಡ್ತಿದ್ದೀನಿ' ಅಂತ. ಆ ಕಡೆಯವರನ್ನ ಹಿಡಿಯೋದು ನಿಮ್ಮ ಕೆಲಸ ಅಲ್ಲ. ನೀವು ಫೋನ್ ಕೆಳಗಿಡಬೇಡಿ, ಅಷ್ಟೇ. ನಾನೂ ಇಲ್ಲೇ ಕೂತಿರ್ತೀನಿ."

ಕೂತೇ ಕೂತಳು. ಪ್ರತಿ ಮಂಗಳವಾರ ಹೋಗಿ ಅವರ ಎದುರು ಸುಮ್ಮನೆ ಕೂತು ಬರುತ್ತಿದ್ದಳು. ಹತ್ತನೆಯ ವಾರವೋ ಏನೋ, ಆಶೀರ್ವಾದದ ನಡುವೆ ಪಾಸ್ಟರ ದನಿ ನಡುಗಿ, ತಗ್ಗಿ, ಮತ್ತೆ ತುಂಬಿಕೊಂಡಿತು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅವಳ ವರದ ಬಗ್ಗೆ ಸಭೆಗೆ ಹೇಳುತ್ತೇನೆಂದು ಪಾಸ್ಟರು ಹಟ ಹಿಡಿದರು. "ಬೇಡಪ್ಪಾ," ಎಂದಳು ಅಕ್ಕ. "ಗೊತ್ತಾದ್ರೆ ಎಲ್ಲರೂ ಗಂಟಲು ಸರಿ ಮಾಡ್ಕೊಂಡು ಹಾಡ್ತಾರೆ. ಆಮೇಲೆ ನನಗೇನ್ ಕೇಳಿಸುತ್ತೆ?" ಗುಟ್ಟು ಗುಟ್ಟಾಗಿಯೇ ಉಳಿಯಿತು. ಬಡಗಿಯ ಹೆಂಡತಿ ಮಾತ್ರ ಅವಳ ಜೊತೆ ಮನೆಮನೆಗೆ ಹೋಗತೊಡಗಿದಳು.

ಹೀಗೆ ಅಕ್ಕ ಮನೆಯಲ್ಲಿ ಇರುವುದೇ ಅಪರೂಪವಾಯಿತು. ಒಂದು ಮಧ್ಯಾಹ್ನ ಅವಳು ಚಪ್ಪಲಿ ಮೆಟ್ಟಿದವಳು ಬಾಗಿಲಲ್ಲೇ ನಿಂತಳು. ಹಿಂದಿರುಗಿ ಬಂದು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟಳು.

"ಮೂರು ವಾರದಿಂದ ಚರ್ಚಲ್ಲಿ ನೀನು ಹಾಡ್ತಾನೇ ಇಲ್ಲ. ಏನಾಯ್ತು?"

"ಏನಿಲ್ಲ," ಎಂದೆ. ಆಮೇಲೆ ತಡೆಯಲಾರದೆ, "ಊರವರ ದನಿಯೆಲ್ಲ ಕೇಳ್ತೀಯ, ನಾನೊಬ್ಳು ಇಲ್ಲಿದ್ದೀನಿ ಅನ್ನೋದು ನೆನಪಿದೆಯಾ?" ಎಂದೆ.

ಅವಳು ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದಳು. "ಹೇಳು," ಎಂದಳು. ನಾನು ಹೇಳುತ್ತಾ ಹೋದೆ. ಬಿಸಿಲು ಮೇಜಿನಿಂದ ನೆಲಕ್ಕಿಳಿದು ಗೋಡೆ ಹತ್ತುವವರೆಗೂ ಅವಳು ಕದಲಲಿಲ್ಲ.