ಏಳನೆಯ ಚಿತ್ರದ ಬೂದು

೧೯೬೩ರಲ್ಲಿ ನನಗೆ ಇಪ್ಪತ್ತೊಂಬತ್ತು ವರ್ಷ. ಜಯನಗರದಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟು ಮೂರು ವರ್ಷವಾಗಿತ್ತು. ಬಡಾವಣೆಯಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ವಾರಕ್ಕೊಂದಾದರೂ ಗೃಹಪ್ರವೇಶ ತಪ್ಪುತ್ತಿರಲಿಲ್ಲ. ಹೊಸ ಮನೆಗೆ ದೇವರ ಪಟ ಬೇಕು, ಹಿರಿಯರ ಫೋಟೋ ಬೇಕು. ಹಾಗಾಗಿ ನಮಗೆ ಕೈತುಂಬ ಕೆಲಸ. ಮರ ಕೊಯ್ದು ಚೌಕಟ್ಟು ಜೋಡಿಸುವುದು ಅಪ್ಪನ ಪಾಲು. ಗರಗಸದ ಸದ್ದಿನಲ್ಲೇ ಆಯುಷ್ಯ ಕಳೆದ ಅವರಿಗೆ ಕಿವಿ ಸ್ವಲ್ಪ ಮಂದ. ಗಾಜು ಕೂರಿಸುವುದು ನನ್ನ ಕೆಲಸ. ಜೊತೆಗೆ ರೀಟಚಿಂಗ್ ಕೂಡ ಮಾಡುತ್ತಿದ್ದೆ, ಅಂದರೆ ಹಳೆಯ ಫೋಟೋದಲ್ಲಿ ಮಾಸಿದ ಮುಖಕ್ಕೋ ಸೀರೆಯ ಅಂಚಿಗೋ ಸಣ್ಣ ಬ್ರಷ್ಷಿನಲ್ಲಿ ಬಣ್ಣ ತುಂಬುವುದು. ಬಣ್ಣಕ್ಕೆ ಬಣ್ಣ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು.

ಆ ವರ್ಷ ನವರಾತ್ರಿ ಶುರುವಾಗುವ ಮುಂಚೆ ಪದ್ಮಾವತಮ್ಮ ಎಂಬುವರು ಜಟಕಾದಲ್ಲಿ ಏಳು ಚಿತ್ರಗಳನ್ನು ತಂದಿಳಿಸಿದರು. ನಮ್ಮ ಹಿಂದಿನ ರಸ್ತೆಯವರು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ವಯಸ್ಸು ಐವತ್ತರ ಹತ್ತಿರ. ಹತ್ತು ವರ್ಷದಿಂದ ಊರಿನ ಪ್ರದರ್ಶನಗಳಿಗೆಲ್ಲ ಚಿತ್ರ ಕಳಿಸುತ್ತಿದ್ದರಂತೆ, ಪ್ರತಿ ಸಲವೂ ಏನು ಬರೆದಿದ್ದೀರೋ ತಿಳಿಯುತ್ತಿಲ್ಲ ಎಂದು ವಾಪಸ್ಸು ಬರುತ್ತಿತ್ತಂತೆ. ಈ ಸಲ ಯಾವುದೋ ಸಂಘದವರು ತಮ್ಮ ಸಭಾಂಗಣವನ್ನು ಎರಡು ದಿನಕ್ಕೆ ಬಿಟ್ಟುಕೊಡಲು ಒಪ್ಪಿದ್ದರು. ಅದೇ ಅವರ ಮೊದಲ ಪ್ರದರ್ಶನ.

ಚಿತ್ರಗಳಲ್ಲಿ ಮರವಿಲ್ಲ, ಮನುಷ್ಯರಿಲ್ಲ, ಮನೆಯಿಲ್ಲ. ಕರಣೆಯಲ್ಲಿ ಗಾರೆ ಮೆತ್ತಿದ ಹಾಗೆ ಚಾಕುವಿನಿಂದ ದಪ್ಪಗೆ ಎಳೆದ ಬಣ್ಣ. ನಾನು ತಲೆ ಓರೆ ಮಾಡಿದ್ದನ್ನು ಕಂಡು ಅವರು, "ಇದಕ್ಕೆ ಅಬ್‌ಸ್ಟ್ರಾಕ್ಟ್ ಅಂತಾರೆ ರೇವಣ್ಣ. ಒಳಗೆ ಏನೂ ಹುಡುಕ್ಬೇಡಿ, ಸುಮ್ನೆ ನೋಡಿ," ಎಂದರು. ನೋಡಿದೆ. ನನಗೇನೂ ಅನ್ನಿಸಲಿಲ್ಲ. ಏಳನೆಯದಂತೂ ಬರೀ ಬೂದು ಬಣ್ಣದ್ದು. ಅದನ್ನು ಮುಗಿಸಿ ಹತ್ತೇ ದಿನವಾಗಿತ್ತು, ಮೇಲೆ ಕೆನೆ ಕಟ್ಟಿದ್ದರೂ ಒಳಗಿನ್ನೂ ಹಸಿ. ಎಣ್ಣೆಬಣ್ಣದ ಕ್ಯಾನ್‌ವಾಸಿಗೆ ಗಾಳಿಯಾಡಬೇಕು, ಆದ್ದರಿಂದ ಗಾಜು ಹಾಕುವುದಿಲ್ಲ. ಆಯುಧಪೂಜೆಯ ಹಿಂದಿನ ದಿನ ಏಳಕ್ಕೂ ಕಟ್ಟು ಹಾಕಿ ಗೋಡೆಗೆ ಒರಗಿಸಿದೆ.

ಪೂಜೆಯ ಬೆಳಿಗ್ಗೆ ಬೂದುಗುಂಬಳಕಾಯಿ ತರಲು ನಾನು ಮಾರ್ಕೆಟ್ಟಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಪ್ಪ ಮಿಂದು ಮಡಿಯುಟ್ಟು, ಗರಗಸ, ಉಳಿ, ಸುತ್ತಿಗೆಗಳಿಗೆಲ್ಲ ನೀರಿನಲ್ಲಿ ಕಲಸಿದ ವಿಭೂತಿ ಹಚ್ಚಿ ಕುಂಕುಮ ಇಟ್ಟಿದ್ದರು. ನಮ್ಮಲ್ಲಿ ಕಟ್ಟಾದ ಪಟಗಳಿಗೂ ಅಂದು ಪೂಜೆ ಸಲ್ಲುತ್ತದೆ. ಪಟಕ್ಕೆ ಗಾಜಿರುತ್ತದೆ, ಮಾರನೆಯ ದಿನ ಒರೆಸಿದರಾಯಿತು. ಅದೇ ರೂಢಿಯ ಮೇಲೆ ಏಳೂ ಚಿತ್ರಗಳಲ್ಲಿ ಪ್ರತಿಯೊಂದರ ನಟ್ಟನಡುವೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕಾಸಗಲ ಕುಂಕುಮ! ಕುಂಬಳಕಾಯಿಯನ್ನು ಅಲ್ಲೇ ಇಟ್ಟು ಬಟ್ಟೆ ತೆಗೆದುಕೊಂಡೆ.

ಒಣಗಿದ್ದ ಆರು ಚಿತ್ರಗಳು ಒಣಬಟ್ಟೆಯಲ್ಲಿ ಒರೆಸುತ್ತಲೇ ಶುಭ್ರವಾದವು. ಏಳನೆಯದನ್ನು ಒರೆಸಿದ್ದೇ ತಡ, ಕುಂಕುಮ ಹಸಿ ಬಣ್ಣದಲ್ಲಿ ಕಲೆತು ಅಂಗೈಯಗಲ ಕೆಂಪು ಹರಡಿತು. ಪ್ರದರ್ಶನಕ್ಕೆ ಮೂರೇ ದಿನ. ಓಡಿಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ರೀಟಚಿಂಗ್ ಪೆಟ್ಟಿಗೆ ತೆಗೆದು, ಕಪ್ಪು ಬಿಳಿ ಬೆರೆಸಿ, ನಾಲ್ಕು ಸಲ ಹೊಂದಿಸಿ, ಕಲೆಯನ್ನು ಮುಚ್ಚಿದೆ. ದೂರ ನಿಂತು ನೋಡಿದರೆ ಎಲ್ಲಿ ಮುಚ್ಚಿದ್ದೇನೆಂದು ನನಗೇ ಗೊತ್ತಾಗಲಿಲ್ಲ. ಹೇಗೂ ಬರೀ ಬೂದು, ಯಾರಿಗೆ ತಿಳಿಯುತ್ತದೆ ಎಂದುಕೊಂಡು ಅಪ್ಪನಿಗೂ ಹೇಳದೆ ಸುಮ್ಮನಾದೆ.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಪದ್ಮಾವತಮ್ಮ ಬಂದರು. ಸಾಲಿನುದ್ದಕ್ಕೂ ಕಣ್ಣಾಡಿಸುತ್ತ ಬಂದವರು ಏಳನೆಯದರ ಮುಂದೆ ನಿಂತುಬಿಟ್ಟರು.

"ಇದನ್ನ ಯಾರು ಮುಟ್ಟಿದ್ರು?"

"ಯಾರೂ ಇಲ್ಲಮ್ಮಾ," ಎಂದೆ.

"ಇಲ್ಲ ರೇವಣ್ಣ. ಈ ಬೂದು ನಂದಲ್ಲ."

ಮೂಲೆಯಲ್ಲಿ ಮರ ಉಜ್ಜುತ್ತಿದ್ದ ಅಪ್ಪನ ಮಂದ ಕಿವಿಗೆ ಆ ಮಾತು ಬೇರೆಯಾಗಿ ಬಿತ್ತು. ತಲೆಯೆತ್ತಿ, "ಬೂದಿ ನಂದು ತಾಯಿ. ಹಬ್ಬದ ದಿನ ನಾನೇ ಹಚ್ಚಿದ್ದು," ಎಂದರು.

ನಾನು ನಾಚಿಕೆಯಿಂದ ಭೂಮಿಗಿಳಿದು ಹೋದೆ. ಇನ್ನು ಮುಚ್ಚಿಡುವುದಕ್ಕೇನಿತ್ತು? ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಅವರು ಅಪ್ಪನ ಹತ್ತಿರ ಹೋಗಿ, ಕೇಳಿಸುವಂತೆ ಗಟ್ಟಿಯಾಗಿ, "ದೇವರ ಪಟ ಅನ್ಕೊಂಡ್ರಾ ಯಜಮಾನ್ರೇ?" ಎಂದರು.

"ಇಲ್ಲ ತಾಯಿ. ದೇವರು ಕಾಣ್ಲಿಲ್ಲ. ಆದ್ರೆ ಯಾರೋ ಮೈಮುರಿದು ದುಡಿದವ್ರೆ ಅಂತ ಕಾಣ್ತು. ಅದಕ್ಕೆ ಹಚ್ದೆ."

ಪದ್ಮಾವತಮ್ಮ ಬಗ್ಗಿ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅವರು ಹಚ್ಚಿದ್ದಕ್ಕೆ ನಂಗೆ ಬೇಜಾರಿಲ್ಲ ರೇವಣ್ಣ. ನೀವು ಮುಚ್ಚಿಟ್ರಲ್ಲ, ಅದಕ್ಕೆ ಬೇಜಾರು. ನಾಳೆ ಅದನ್ನ ನನ್ನ ಹೆಸರಲ್ಲಿ ಗೋಡೆಗೆ ಹಾಕ್ತಿದ್ದೆ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಯಿಂದ ಬಣ್ಣದ ಪೆಟ್ಟಿಗೆ ತಂದು ಅಂಗಡಿಯಲ್ಲೇ ಕುಳಿತರು. ನನ್ನ ಬೂದನ್ನೂ ಅದರಡಿಯ ಕೆಂಪನ್ನೂ ಕೆರೆದು ತೆಗೆದರು. ಆಮೇಲೆ ಅರ್ಧ ಗಂಟೆ ಏನೂ ಮಾಡಲಿಲ್ಲ, ಬರೀ ನೋಡಿದರು. ಬಣ್ಣ ಕಲಸುವಾಗ ಕಪ್ಪನ್ನು ಮುಟ್ಟಲೇ ಇಲ್ಲ. ನೀಲಿ, ಕಾವಿ, ಒಂದಿಷ್ಟು ಹಳದಿ, ಬಿಳಿ ಸೇರಿ ಅವರ ಬೂದು ಹುಟ್ಟಿತು. ಚಾಕುವಿನಿಂದ ನಾಲ್ಕು ಸಲ ಎಳೆದು, ಎದ್ದು ನಿಂತು ನೋಡಿ, ಚಿತ್ರದ ಇನ್ನೊಂದು ಮೂಲೆಯಲ್ಲೂ ಒಂದು ಕಡೆ ಕೆರೆಯತೊಡಗಿದರು.

"ಅದು ಚೆನ್ನಾಗೇ ಇತ್ತಲ್ಲಮ್ಮಾ?" ಎಂದೆ.

"ಇಲ್ಲಿ ಬದಲಾದ್ರೆ ಅಲ್ಲೂ ಬದಲಾಗ್ಬೇಕಲ್ಲ," ಎಂದರು, ಅನ್ನಕ್ಕೆ ನೀರು ಸಾಲದು ಎನ್ನುವಷ್ಟು ಸಹಜವಾಗಿ. ಅವರು ಮುಗಿಸುವಾಗ ಊಟದ ಹೊತ್ತು ಮೀರಿತ್ತು. ಅಪ್ಪ ಅವರಿಗೆಂದು ಮಜ್ಜಿಗೆ ತರಿಸಿದ್ದರು. ಕುಡಿದು, ಕೈ ಒರೆಸಿಕೊಂಡು, ಹಸಿ ಚಿತ್ರವನ್ನು ತಾವೇ ಹಿಡಿದು ಜಟಕಾ ಹತ್ತಿದರು. ಅವರ ಮುಖದಲ್ಲಿ ನೆಮ್ಮದಿ ಇತ್ತು. ಅದನ್ನು ಕಂಡ ಮೇಲೇ ನನಗೂ ಅನ್ನ ಸೇರಿದ್ದು.

ಮುಂದೆ ನಲವತ್ತು ವರ್ಷ ಇದೇ ಕಸುಬಿನಲ್ಲಿದ್ದೆ. ಗಾಜಿಗೆ ಒಂದು ಗೀರು ಬಿದ್ದರೂ ಗಿರಾಕಿ ನೋಡುವ ಮೊದಲೇ ಹೇಳಿಬಿಡುವುದನ್ನು ಅಂದು ಕಲಿತೆ. ಕಟ್ಟು ಹಾಕುವವನ ಕೈ ಕಟ್ಟಿನ ಒಳಕ್ಕೆ ಹೋಗಬಾರದು ಎಂಬುದನ್ನೂ ಕಲಿತೆ. ಪದ್ಮಾವತಮ್ಮ ಆಮೇಲೂ ನಮ್ಮಲ್ಲೇ ಕಟ್ಟು ಹಾಕಿಸುತ್ತಿದ್ದರು, ಅದು ನನ್ನ ಪುಣ್ಯ.

ಪ್ರದರ್ಶನದ ಎರಡನೆಯ ದಿನ ಅಪ್ಪನನ್ನು ಕರೆದುಕೊಂಡು ಹೋದೆ. ಪತ್ರಿಕೆಯವರು ಯಾರೂ ಬಂದಿರಲಿಲ್ಲ. ಶಾಲೆಯ ಹುಡುಗಿಯರು, ನಾಲ್ಕಾರು ಪರಿಚಯದವರು, ಅಷ್ಟೇ. ಏಳನೆಯ ಚಿತ್ರದ ಮುಂದೆ ನಿಂತು, ಅವರು ತಿದ್ದಿದ ಜಾಗ ಯಾವುದೆಂದು ಹುಡುಕಿ ಹುಡುಕಿ ಸೋತೆ. ಪಕ್ಕದಲ್ಲಿ ಕೋಟು ಹಾಕಿದ ಹಿರಿಯರೊಬ್ಬರು ಗೊಣಗಿದರು: "ಇದೇನ್ರೀ ಇದು? ಬೂದು ಬಣ್ಣ ತಗೊಂಡು ಯಾರ್ ಬೇಕಾದ್ರೂ ಬಳೀಬಹುದು."

ಬಾಗಿಲ ಬಳಿ ಇದ್ದ ಪದ್ಮಾವತಮ್ಮನಿಗೂ ಅದು ಕೇಳಿಸಿತು.

"ನಾನು ಬಳಿದು ನೋಡ್ದೆ ಸಾರ್," ಎಂದೆ. "ಸಿಕ್ಕಿಬಿದ್ದೆ."